ಬೀಳು ನೆಲದಲ್ಲಿ ಕ್ಯಾರೆಟ್ ಬಿತ್ತಿದವರು

(ಚಿಕ್ಕಮಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಇಂಗ್ಲೆಂಡಿನಲ್ಲಿ 1640ರಿಂದ 1660ರವರೆಗೆ ನಡೆದ ಕ್ರಾಂತಿಯ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಅರ್ಧ ಪುಟದಷ್ಟು ಓದಿದ್ದೇವೆ. ಒಂದನೆಯ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ ಜಗಳವಾಯಿತು, 1642ರಲ್ಲಿ ಯುದ್ಧ ಶುರುವಾಯಿತು, 1649ರ ಜನವರಿ 30ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯ ಎದುರು ದೊರೆಯ ತಲೆ ಕಡಿದರು, ಪಾರ್ಲಿಮೆಂಟಿನ ಸೇನಾಪತಿ ಕ್ರಾಮ್‌ವೆಲ್ ಆಳಿದ, ಸತ್ತ ದೊರೆಯ ಮಗ 1660ರಲ್ಲಿ ಮರಳಿ ಬಂದು ಸಿಂಹಾಸನವೇರಿದ. ಈ ಅರ್ಧ ಪುಟದಲ್ಲಿ ದೊರೆ, ಪ್ರಭುಗಳು, ಸೇನಾಪತಿಗಳು ಇದ್ದಾರೆ. ಅದೇ ಇಪ್ಪತ್ತು ವರ್ಷಗಳಲ್ಲಿ ಚಮ್ಮಾರರು, ನೇಕಾರರು, ಸಂಬಳ ಬಾಕಿಯಿದ್ದ ಸಿಪಾಯಿಗಳು, ಲೇಸು ಮಾರುವ ಹೆಂಗಸರು, ಮನೆಗೆಲಸದ ಹುಡುಗಿಯರು ಏನು ಯೋಚಿಸಿದರು, ಏನು ಕೇಳಿದರು, ಯಾವುದಕ್ಕೆ ಪ್ರಾಣ ಕೊಟ್ಟರು ಎಂಬುದು ಅದರಲ್ಲಿಲ್ಲ. ಇಂದಿನ ನನ್ನ ಮಾತು ಪೂರ್ತಿಯಾಗಿ ಅವರ ಬಗ್ಗೆ.

ಈ ಜನರ ವಿಷಯ ಎಲ್ಲಿ ಬಂದರೂ ಒಂದು ಪ್ರಶ್ನೆ ಏಳುತ್ತದೆ: ಇವರು ಧಾರ್ಮಿಕ ಸುಧಾರಕರೋ, ರಾಜಕೀಯ ಹೋರಾಟಗಾರರೋ? ದೇವರ ಹೆಸರು ಹೇಳಿಕೊಂಡು ಭೂಮಿ ಕೇಳಿದರೋ, ಭೂಮಿಯ ನೆಪದಲ್ಲಿ ದೇವರನ್ನು ಹುಡುಕಿದರೋ? ಈ ಪ್ರಶ್ನೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಧರ್ಮಗ್ರಂಥಕ್ಕೆ ಅರ್ಥ ಹೇಳುವ ಅಧಿಕಾರ ಯಾರದು, ನೆಲದ ಒಡೆತನ ಯಾರದು, ಕಾನೂನು ಮಾಡುವವರನ್ನು ಆರಿಸುವ ಹಕ್ಕು ಯಾರದು ಎಂಬ ಮೂರೂ ಅವರ ಬದುಕಿನಲ್ಲಿ ಒಂದೇ ಪ್ರಶ್ನೆಯಾಗಿದ್ದವು. ಅದು ಹೇಗೆ ಒಂದೇ ಆಗಿತ್ತೆಂಬುದನ್ನು ತಿಳಿಯಲು ಕಣದಿಂದಲೇ ಶುರುಮಾಡಬೇಕು.

ಅಂದಿನ ಇಂಗ್ಲೆಂಡಿನ ರೈತ ತನ್ನ ಬೆಳೆಯ ಹತ್ತನೆಯ ಒಂದು ಪಾಲನ್ನು ಊರಿನ ಇಗರ್ಜಿಗೆ ಕೊಡಬೇಕಾಗಿತ್ತು. ಇದಕ್ಕೆ ದಶಮಾಂಶವೆಂದು ಹೆಸರು. ಕೊಯ್ದು ಕಟ್ಟಿದ ಕಂತೆಗಳಲ್ಲಿ ಪ್ರತಿ ಹತ್ತನೆಯದು, ಹುಟ್ಟಿದ ಕುರಿಮರಿಗಳಲ್ಲಿ ಹತ್ತನೆಯದು, ಹಾಲು, ಉಣ್ಣೆ, ಮೊಟ್ಟೆ ಎಲ್ಲದರಲ್ಲೂ ಪಾಲು. ಪಾದ್ರಿಯ ಬೋಧನೆ ಇಷ್ಟವಿರಲಿ ಇಲ್ಲದಿರಲಿ, ಅವನು ಊರಿನಲ್ಲಿ ಕಾಲಿಡಲಿ ಬಿಡಲಿ, ಪಾಲು ಕೊಡಲೇಬೇಕು, ಕೊಡದಿದ್ದರೆ ಜಪ್ತಿ. ಇಷ್ಟೇ ಆಗಿದ್ದರೆ ಇದನ್ನು ಧಾರ್ಮಿಕ ತೆರಿಗೆ ಎಂದು ಕರೆದು ಸುಮ್ಮನಿರಬಹುದಿತ್ತು. ಆದರೆ ಎಂಟನೆಯ ಹೆನ್ರಿಯ ಕಾಲದಲ್ಲಿ ಮಠಗಳನ್ನು ಮುಚ್ಚಿ ಅವುಗಳ ಆಸ್ತಿಯನ್ನು ಮಾರಿದಾಗ, ಮಠಗಳಿಗೆ ಸೇರಿದ್ದ ದಶಮಾಂಶದ ಹಕ್ಕುಗಳೂ ಜಮೀನ್ದಾರರ ಕೈಸೇರಿದ್ದವು. ಹೀಗಾಗಿ ಎಷ್ಟೋ ಊರುಗಳಲ್ಲಿ ದೇವರ ಹೆಸರಿನಲ್ಲಿ ಎತ್ತಿದ ಕಂತೆ ಹೋಗುತ್ತಿದ್ದುದು ದೇವರಿಗೂ ಅಲ್ಲ, ಪಾದ್ರಿಗೂ ಅಲ್ಲ, ಹಿಂದೆ ಹಕ್ಕು ಕೊಂಡಿದ್ದ ದೊಡ್ಡ ಮನೆಗೆ. ದಶಮಾಂಶ ಬೇಡವೆಂದವನು ಇಗರ್ಜಿಯ ವಿರುದ್ಧವೂ ಆಸ್ತಿಯ ವಿರುದ್ಧವೂ ಒಂದೇ ಉಸಿರಿನಲ್ಲಿ ಮಾತನಾಡಿದಂತಾಗುತ್ತಿತ್ತು. ಹಾಗೆ ಮಾತನಾಡಬೇಕೆಂದು ಅವನು ಹೊರಟಿರಲಿ ಬಿಡಲಿ, ವ್ಯವಸ್ಥೆಯೇ ಎರಡನ್ನೂ ಹೆಣೆದಿಟ್ಟಿತ್ತು.

ಇನ್ನೊಂದು ಹೆಣಿಗೆಯೂ ಇತ್ತು. 1559ರ ಕಾನೂನಿನ ಪ್ರಕಾರ ಪ್ರತಿ ಭಾನುವಾರ ಊರ ಇಗರ್ಜಿಗೆ ಹೋಗುವುದು ಕಡ್ಡಾಯ, ತಪ್ಪಿಸಿದರೆ ಒಂದು ಶಿಲ್ಲಿಂಗ್ ದಂಡ. ಪತ್ರಿಕೆಗಳಿಲ್ಲದ, ಓದು ಬರಹ ಬಲ್ಲವರು ಕಡಿಮೆಯಿದ್ದ ಕಾಲದಲ್ಲಿ ಜನಕ್ಕೆ ಸರ್ಕಾರದ ಮಾತು ತಲುಪುತ್ತಿದ್ದುದು ಪಾದ್ರಿಯ ಬಾಯಿಂದ. ಯಾರು ಬೋಧಿಸಬೇಕು ಎನ್ನುವುದನ್ನು ಬಿಷಪ್‌ಗಳು ತೀರ್ಮಾನಿಸುತ್ತಿದ್ದರು, ಬಿಷಪ್‌ಗಳನ್ನು ದೊರೆ ನೇಮಿಸುತ್ತಿದ್ದ. 1640ರ ಹೊತ್ತಿಗೆ ಈ ಸರಪಳಿ ಕಳಚತೊಡಗಿತು. 1641ರಲ್ಲಿ ಸ್ಟಾರ್ ಚೇಂಬರ್ ಎಂಬ ದೊರೆಯ ವಿಶೇಷ ನ್ಯಾಯಾಲಯ ರದ್ದಾಯಿತು. ಮುದ್ರಣದ ಮೇಲಿನ ಹಿಡಿತ ಅದರೊಂದಿಗೇ ಸಡಿಲಿತು. ಅಲ್ಲಿಂದ ಮುಂದೆ ಲಂಡನ್ನಿನಲ್ಲಿ ಕರಪತ್ರಗಳ ಹೊಳೆಯೇ ಹರಿಯಿತು. ಜಾರ್ಜ್ ಥಾಮಸನ್ ಎಂಬ ಪುಸ್ತಕ ವ್ಯಾಪಾರಿ ಕೈಗೆ ಸಿಕ್ಕಿದ್ದನ್ನೆಲ್ಲ ಕೊಂಡು, ಅನೇಕವುಗಳ ಮೇಲೆ ತಾರೀಖು ಬರೆದು ಕೂಡಿಡುತ್ತಾ ಹೋದ. ಇಪ್ಪತ್ತು ವರ್ಷಗಳಲ್ಲಿ ಅದು ಸುಮಾರು 22,000 ಮುದ್ರಿತ ಬರಹಗಳ ಸಂಗ್ರಹವಾಯಿತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆ ವ್ಯಾಪಾರಿಯ ಶ್ರಮವಿಲ್ಲದಿದ್ದರೆ ನಾನು ಇಂದು ಹೇಳುತ್ತಿರುವುದರಲ್ಲಿ ಬಹುಪಾಲು ನಮಗೆ ದಕ್ಕುತ್ತಿರಲಿಲ್ಲ.

ಕನ್ನಡಿಗರ ಮುಂದೆ ಈ ಮಾತು ಆಡುವಾಗ ಹನ್ನೆರಡನೆಯ ಶತಮಾನದ ಕಲ್ಯಾಣ ನೆನಪಾಗದೆ ಇರುವುದಿಲ್ಲ. ಅಲ್ಲಿಯೂ ದೋಣಿ ನಡೆಸುವವರು, ಚರ್ಮದ ಕೆಲಸದವರು, ಅಕ್ಕಿ ಆಯುವವರು ತಮ್ಮ ಕಾಯಕದ ಮಾತಿನಲ್ಲೇ ದೇವರನ್ನೂ ಸಮಾಜವನ್ನೂ ವಿಚಾರಿಸಿದರು. ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳಲ್ಲೇ ಆ ಕೆಲಸ ಕೂತಿದೆ. ಈ ಹೋಲಿಕೆಯನ್ನು ತೀರಾ ಎಳೆಯಲು ನನಗೆ ಇಷ್ಟವಿಲ್ಲ. ಇಂಗ್ಲೆಂಡಿನವರಿಗೆ ಅಚ್ಚಿನ ಮೊಳೆ ಇತ್ತು, ಪಾರ್ಲಿಮೆಂಟಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಸಾಮಾನ್ಯರಿಂದಲೇ ತುಂಬಿದ, ಗೆದ್ದ ಸೈನ್ಯವಿತ್ತು. ಆದರೂ ಕಲ್ಯಾಣವನ್ನು ಬಲ್ಲ ಓದುಗರಿಗೆ ಒಂದು ಅನುಕೂಲವಿದೆ: ದುಡಿಯುವವನ ದೇವರ ವಿಚಾರದಲ್ಲಿ ಅವನ ಊಟದ ವಿಚಾರವೂ ಇರುತ್ತದೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೈಬಲ್ಲು ಆ ಹೊತ್ತಿಗೆ ಇಂಗ್ಲಿಷಿನಲ್ಲಿ ಸಿಗುತ್ತಿತ್ತು. ಅದರ ಬಹುಭಾಗವನ್ನು ಮೊದಲು ಮೂಲಭಾಷೆಗಳಿಂದ ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್‌ನನ್ನು 1536ರಲ್ಲಿ ಕತ್ತು ಬಿಗಿದು ಸುಟ್ಟಿದ್ದರು. ಮೂರು ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಅದು ಕುಶಲಕರ್ಮಿಗಳ ಮನೆಯಲ್ಲೂ ಇತ್ತು. ಓದು ಬಾರದವರು ಕೇಳಿಸಿಕೊಂಡು ಕಲಿತರು. ಓದಿದ ಮೇಲೆ ಅರ್ಥ ಹೇಳಲು ಲ್ಯಾಟಿನ್, ಗ್ರೀಕ್ ಬೇಕು, ಆಕ್ಸ್‌ಫರ್ಡಿನ ಪದವಿ ಬೇಕು ಎಂಬ ಮಾತನ್ನು ಅವರು ಒಪ್ಪಲಿಲ್ಲ. ಏಸುವಿನ ಶಿಷ್ಯರು ಮೀನು ಹಿಡಿಯುವವರಾಗಿರಲಿಲ್ಲವೇ ಎಂದು ಕೇಳಿದರು. ಲಂಡನ್ನಿನ ಕೋಲ್‌ಮನ್ ಸ್ಟ್ರೀಟ್ ಬಳಿ ಅಟ್ಟವೇ ಎಂಬ, ಲೇಸು ಮಾರಿ ಬದುಕುತ್ತಿದ್ದ ಹೆಂಗಸೊಬ್ಬಳು ಬೋಧನೆ ಮಾಡತೊಡಗಿದಾಗ ಜನ ಕಿಕ್ಕಿರಿದು ಸೇರಿದರು. ಇದನ್ನೆಲ್ಲ ಕಂಡು ಕನಲಿದ ಥಾಮಸ್ ಎಡ್ವರ್ಡ್ಸ್ ಎಂಬ ಪಾದ್ರಿ 1646ರಲ್ಲಿ ಇಂಥ ‘ಪಾಷಂಡ’ಗಳನ್ನೆಲ್ಲ ಪಟ್ಟಿ ಮಾಡಿ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದ. ಸಮಾಜ ಕೊಳೆಯುತ್ತಿದೆಯೆಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಇಂದು ಅದೇ ಪುಸ್ತಕ ಸಾಮಾನ್ಯರ ಮಾತುಗಳಿಗೆ ನಮ್ಮ ದೊಡ್ಡ ಆಕರ. ಈ ಚರಿತ್ರೆಯನ್ನು ಓದುವವರು ಎಚ್ಚರದಿಂದಿರಬೇಕಾದದ್ದು ಇಲ್ಲಿಯೇ. ಬಡವರ ಮಾತು ಹೆಚ್ಚಿನ ಸಲ ನಮಗೆ ತಲುಪಿರುವುದು ಅವರನ್ನು ದ್ವೇಷಿಸಿದವರ ಲೇಖನಿಯಿಂದ.

ಈಗ ಸೈನ್ಯಕ್ಕೆ ಬರೋಣ. ಪಾರ್ಲಿಮೆಂಟು 1645ರಲ್ಲಿ ಕಟ್ಟಿದ ಹೊಸ ಮಾದರಿಯ ಸೈನ್ಯ ದೊರೆಯನ್ನು ಸೋಲಿಸಿತು. ಗೆದ್ದ ಮೇಲೆ ಪಾರ್ಲಿಮೆಂಟಿಗೆ ಈ ಸೈನ್ಯ ಹೊರೆಯಾಯಿತು. 1647ರ ವಸಂತದ ಹೊತ್ತಿಗೆ ಕಾಲಾಳುಗಳಿಗೆ 18 ವಾರಗಳ, ಕುದುರೆ ಸವಾರರಿಗೆ 43 ವಾರಗಳ ಸಂಬಳ ಬಾಕಿಯಿತ್ತು. ಬಾಕಿ ತೀರಿಸದೆಯೇ ಸೈನ್ಯವನ್ನು ವಿಸರ್ಜಿಸಿ, ಕೆಲವರನ್ನು ಐರ್ಲೆಂಡಿಗೆ ಕಳಿಸುವ ಯೋಚನೆ ಪಾರ್ಲಿಮೆಂಟಿನದು. ಸಿಪಾಯಿಗಳು ಪ್ರತಿ ದಳದಿಂದ ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿಕೊಂಡರು. ಸಂಬಳದ ಅರ್ಜಿಯಾಗಿ ಶುರುವಾದದ್ದು ಕೆಲವೇ ತಿಂಗಳಲ್ಲಿ, ನಾವು ಬರೀ ಕೂಲಿ ಸೈನ್ಯವಲ್ಲ, ಜನರ ಸ್ವಾತಂತ್ರ್ಯಕ್ಕಾಗಿ ಆಯುಧ ಹಿಡಿದವರು ಎಂಬ ಘೋಷಣೆಯಾಗಿ ಬೆಳೆಯಿತು. ಲಂಡನ್ನಿನಲ್ಲಿ ಆಗ ಲೆವೆಲರ್‌ಗಳು, ಅಂದರೆ ಸಮ ಮಾಡುವವರು, ಎಂದು ಹೆಸರಾಗುತ್ತಿದ್ದ ಗುಂಪಿನ ವಿಚಾರಗಳು ಸೈನ್ಯದೊಳಕ್ಕೆ ಬಂದವು. ಪರವಾನಗಿಯಿಲ್ಲದ ಪುಸ್ತಕ ತರಿಸಿದ ಆಪಾದನೆಗಾಗಿ 1638ರಲ್ಲಿ ಲಂಡನ್ನಿನ ಬೀದಿಯುದ್ದಕ್ಕೂ ಚಾಟಿಯೇಟು ತಿಂದಿದ್ದ ಜಾನ್ ಲಿಲ್‌ಬರ್ನ್ ಈ ಗುಂಪಿನ ಹೆಸರಾಂತ ನಾಯಕ.

ಅದೇ ವರ್ಷದ ಅಕ್ಟೋಬರ್ 28ರಂದು ಥೇಮ್ಸ್ ನದಿಯ ದಂಡೆಯ ಪಟ್ನಿ ಎಂಬ ಊರಿನ ಇಗರ್ಜಿಯಲ್ಲಿ ಸೈನ್ಯದ ಸಭೆ ಸೇರಿತು. ಸೇನಾಧಿಕಾರಿಗಳು ಮತ್ತು ಸಿಪಾಯಿಗಳ ಪ್ರತಿನಿಧಿಗಳು ಎದುರುಬದುರು ಕೂತು ದೇಶಕ್ಕೆ ಯಾವ ಸಂವಿಧಾನ ಬೇಕೆಂದು ಚರ್ಚಿಸಿದ ಇಂಥ ಸಭೆ ಅದಕ್ಕೆ ಮೊದಲು ಎಲ್ಲಿಯಾದರೂ ನಡೆದದ್ದನ್ನು ನಾನು ಕೇಳಿಲ್ಲ. ಅವರ ಮುಂದಿದ್ದದ್ದು ‘ಜನರ ಒಪ್ಪಂದ’ ಎಂಬ ಕರಡು. ಮರುದಿನ ಬೆಳಗ್ಗೆ ಪ್ರಾರ್ಥನೆ ಮಾಡಿ ಚರ್ಚೆಗೆ ಕೂತರು. ಪ್ರಾರ್ಥನೆ ಆ ಸಭೆಗೆ ಶಿಷ್ಟಾಚಾರವಾಗಿರಲಿಲ್ಲ, ದೇವರು ಇಂದು ಯಾರ ಬಾಯಿಂದ ಬೇಕಾದರೂ ಮಾತಾಡಬಹುದೆಂಬ ನಂಬಿಕೆ ಕ್ರಾಮ್‌ವೆಲ್ಲನಿಗೂ ಇತ್ತು, ಸಿಪಾಯಿಗೂ ಇತ್ತು. ಆ ನಂಬಿಕೆಯಿಂದಲೇ ಸಿಪಾಯಿಗೆ ಸೇನಾಪತಿಯ ಎದುರು ಬಾಯಿ ಬಂದದ್ದು.

ಮತ ಯಾರಿಗಿರಬೇಕು ಎಂಬಲ್ಲಿ ಸಭೆ ಒಡೆಯಿತು. ಆಗಿನ ನಿಯಮದಂತೆ ಹಳ್ಳಿಗಾಡಿನ ಜಿಲ್ಲೆಗಳಲ್ಲಿ ವರ್ಷಕ್ಕೆ 40 ಶಿಲ್ಲಿಂಗ್ ಆದಾಯದ ಸ್ವಂತ ಜಮೀನಿದ್ದವನಿಗೆ ಮಾತ್ರ ಮತ. ಕರ್ನಲ್ ಥಾಮಸ್ ರೇನ್ಸ್‌ಬರೋ ಎದ್ದು, ಇಂಗ್ಲೆಂಡಿನ ಅತಿ ಬಡವನಿಗೂ ಅತಿ ದೊಡ್ಡವನಂತೆಯೇ ಬಾಳಬೇಕಾದ ಒಂದು ಬಾಳಿದೆ, ಆದ್ದರಿಂದ ಯಾವ ಸರ್ಕಾರದ ಕೆಳಗೆ ಬದುಕಬೇಕಾಗಿದೆಯೋ ಅದಕ್ಕೆ ಅವನ ಒಪ್ಪಿಗೆ ಬೇಕು, ಒಪ್ಪಿಗೆ ಕೊಡದವನು ಆ ಸರ್ಕಾರಕ್ಕೆ ಕಟ್ಟುಬಿದ್ದವನಲ್ಲ ಎಂದ. ಕ್ರಾಮ್‌ವೆಲ್ಲನ ಅಳಿಯ ಹೆನ್ರಿ ಐರ್ಟನ್ ಉತ್ತರ ಕೊಟ್ಟ: ದೇಶದಲ್ಲಿ ಶಾಶ್ವತವಾದ, ನೆಲೆಯೂರಿದ ಹಿತಾಸಕ್ತಿ, ಅಂದರೆ ಜಮೀನು ಅಥವಾ ವ್ಯಾಪಾರದ ಹಕ್ಕು ಇದ್ದವನಿಗೆ ಮಾತ್ರ ದೇಶದ ವ್ಯವಹಾರದಲ್ಲಿ ಪಾಲು, ಹುಟ್ಟಿದ ಮಾತ್ರಕ್ಕೆ ಮತ ಕೊಟ್ಟರೆ, ನಾಳೆ ಅದೇ ನ್ಯಾಯದಿಂದ ಆಸ್ತಿಯನ್ನೂ ಕೇಳುತ್ತಾರೆ. ಆಗ ಎಡ್ವರ್ಡ್ ಸೆಕ್ಸ್‌ಬಿ ಎಂಬ ಸಿಪಾಯಿಗಳ ಪ್ರತಿನಿಧಿ ಮಾತು ತೆಗೆದ. ನಾವು ಪ್ರಾಣವನ್ನು ಪಣಕ್ಕಿಟ್ಟದ್ದು ನಮ್ಮ ಜನ್ಮಸಿದ್ಧ ಹಕ್ಕಿಗಾಗಿ. ಆಸ್ತಿಯಿಲ್ಲದವನಿಗೆ ಹಕ್ಕೂ ಇಲ್ಲವೆಂದಾದರೆ ನಮ್ಮನ್ನು ಮೋಸಗೊಳಿಸಿ ಹೋರಾಡಿಸಿದಂತಾಯಿತು ಎಂಬುದು ಅವನ ಮಾತಿನ ಸಾರ.

ಈ ವಾದ ನಮಗೆ ದೂರದ್ದೆಂದು ತಿಳಿಯಬೇಕಾಗಿಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ಅದರಲ್ಲಿ ಕೂತವರು ಜಮೀನುಳ್ಳವರು ಮತ್ತು ವರ್ತಕರು. ಹತ್ತು ವರ್ಷಗಳ ನಂತರ ಚುನಾವಣೆ ಬಂದಾಗಲೂ ಆಸ್ತಿಯ ಮತ್ತು ವಿದ್ಯೆಯ ಅರ್ಹತೆಗಳು ಜೊತೆಗೇ ಬಂದವು. ಐರ್ಟನ್ ಹೇಳಿದ ನೆಲೆಯೂರಿದ ಹಿತಾಸಕ್ತಿಯ ತರ್ಕ ಇಲ್ಲಿಯೂ ನಡೆಯುತ್ತಿತ್ತು. ಈ ಜಿಲ್ಲೆಯ ತೋಟದ ಕೂಲಿಯವಳು ತೋಟದ ಯಜಮಾನನ ಮತಕ್ಕೆ ಸಮನಾದ ಮತವನ್ನು ಹಾಕಿದ್ದು 1951-52ರ ಮೊದಲ ಮಹಾಚುನಾವಣೆಯಲ್ಲಿ. ಬ್ರಿಟನ್ನಿನಲ್ಲೇ ಎಲ್ಲ ವಯಸ್ಕ ಗಂಡಸರಿಗೆ ಮತ ದೊರೆತದ್ದು 1918ರಲ್ಲಿ, ಹೆಂಗಸರಿಗೆ ಗಂಡಸರ ಸಮಾನವಾಗಿ ದೊರೆತದ್ದು 1928ರಲ್ಲಿ. ಪಟ್ನಿಯಲ್ಲಿ ಹೆಂಗಸರ ಮತದ ಮಾತನ್ನು ಯಾರೂ ಎತ್ತಲಿಲ್ಲ ಎನ್ನುವುದನ್ನೂ ಸೇರಿಸಬೇಕು. ಚರ್ಚೆಯ ಬಿಸಿಯಲ್ಲಿ ಲೆವೆಲರ್‌ಗಳ ಪರವಾಗಿ ಮಾತನಾಡಿದವರು ಮನೆಯಾಳುಗಳನ್ನೂ ಭಿಕ್ಷುಕರನ್ನೂ ಹೊರಗಿಡಲು ಒಪ್ಪಿದ್ದೂ ಉಂಟು.

ಈ ಮಾತುಗಳನ್ನು ವಿಲಿಯಂ ಕ್ಲಾರ್ಕ್ ಎಂಬ ಕಾರ್ಯದರ್ಶಿ ಶೀಘ್ರಲಿಪಿಯಲ್ಲಿ ಬರೆದುಕೊಂಡಿದ್ದ. ಆ ಕಾಗದಗಳು ಆಕ್ಸ್‌ಫರ್ಡಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದು, ಅಚ್ಚಾದದ್ದು 1891ರಲ್ಲಿ. ಹಾಗಾಗಿ ರೇನ್ಸ್‌ಬರೋನ ಮಾತು ಎರಡು ಶತಮಾನಗಳಿಗೂ ಹೆಚ್ಚು ಕಾಲ ಯಾರ ಕಿವಿಗೂ ಬೀಳಲಿಲ್ಲ. ಮತದಾನದ ಹಕ್ಕಿಗಾಗಿ ನಡುವೆ ಹೋರಾಡಿದವರು ಆ ಮಾತಿನ ನೆರವಿಲ್ಲದೆಯೇ ಹೋರಾಡಿದರು.

ಸಿಪಾಯಿಗಳನ್ನು ಬಗ್ಗಿಸಿದವರು ದೊರೆಯ ಕಡೆಯವರಲ್ಲ, ಅವರದೇ ಸೇನಾಪತಿಗಳು. ದೊರೆಯ ತಲೆ ಬಿದ್ದು ನಾಲ್ಕು ತಿಂಗಳೂ ಆಗಿರಲಿಲ್ಲ. 1649ರ ಮೇ ತಿಂಗಳಲ್ಲಿ ದಂಗೆಯೆದ್ದ ದಳಗಳನ್ನು ಕ್ರಾಮ್‌ವೆಲ್ ಮತ್ತು ಫೇರ್‌ಫ್ಯಾಕ್ಸ್ ರಾತ್ರಿ ಹೊತ್ತಿನಲ್ಲಿ ಬರ್ಫರ್ಡ್ ಎಂಬ ಊರಿನಲ್ಲಿ ಸುತ್ತುವರಿದು ಹಿಡಿದರು. ಮುನ್ನೂರಕ್ಕೂ ಹೆಚ್ಚು ಸಿಪಾಯಿಗಳನ್ನು ಊರಿನ ಇಗರ್ಜಿಯೊಳಗೆ ಕೂಡಿಹಾಕಿದರು. ಮೇ 17ರಂದು ಮೂವರನ್ನು ಇಗರ್ಜಿಯ ಗೋಡೆಗೆ ನಿಲ್ಲಿಸಿ ಗುಂಡಿಟ್ಟರು, ಉಳಿದವರು ಅದನ್ನು ನೋಡುವಂತೆ ಮಾಡಿದರು. ಆ ಇಗರ್ಜಿಯಲ್ಲಿ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿಯಿದೆ. ಅದರ ಸೀಸದ ಅಂಚಿನಲ್ಲಿ ಆಂಟನಿ ಸೆಡ್ಲಿ ಎಂಬ ಸೆರೆಯಾಳು ತನ್ನ ಹೆಸರು, 1649 ಎಂಬ ಇಸವಿ, ತಾನು ಕೈದಿ ಎಂಬ ಮಾತು ಇಷ್ಟನ್ನು ಚೂಪಾದ ಯಾವುದರಿಂದಲೋ ಕೆತ್ತಿಟ್ಟಿದ್ದಾನೆ, ಕೈದಿ ಎಂಬುದರ ಕಾಗುಣಿತವೂ ತಪ್ಪು. ಆ ಗೀರುಗಳು ಇಂದಿಗೂ ಅಲ್ಲಿವೆ. ಈ ಇಡೀ ಚರಿತ್ರೆಯಲ್ಲಿ ಸಾಮಾನ್ಯ ಸಿಪಾಯಿಯೊಬ್ಬ ಯಾರ ಮಧ್ಯಸ್ಥಿಕೆಯೂ ಇಲ್ಲದೆ ತನ್ನ ಕೈಯಾರೆ ನಮಗೆ ಬಿಟ್ಟುಹೋದ ಗುರುತುಗಳು ಬೆರಳೆಣಿಕೆಯಷ್ಟು, ಇದು ಅವುಗಳಲ್ಲಿ ಒಂದು.

ಅದೇ ವಸಂತದಲ್ಲಿ ಲಂಡನ್ನಿನ ಹೆಂಗಸರು ಸೆರೆಯಲ್ಲಿದ್ದ ಲೆವೆಲರ್ ನಾಯಕರ ಬಿಡುಗಡೆಗಾಗಿ ಪಾರ್ಲಿಮೆಂಟಿಗೆ ಅರ್ಜಿ ಒಯ್ದರು. ಇದು ನಿಮ್ಮ ತಿಳಿವಳಿಕೆಗೆ ಮೀರಿದ ವಿಷಯ, ಮನೆಗೆ ಹೋಗಿ ಮನೆಗೆಲಸ ನೋಡಿಕೊಳ್ಳಿ ಎಂಬ ಉತ್ತರ ಬಂತು. ಮೇ ತಿಂಗಳಲ್ಲಿ ಅವರು ಮತ್ತೊಂದು ಅರ್ಜಿಯೊಡನೆ ಬಂದರು. ನಾವೂ ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದವರು, ಕ್ರಿಸ್ತನಲ್ಲಿ ನಮಗೂ ಗಂಡಸರಷ್ಟೇ ಪಾಲಿದೆ, ಹೀಗಿರುವಾಗ ದೇಶದ ಸ್ವಾತಂತ್ರ್ಯದಲ್ಲೂ ನಮಗೆ ತಕ್ಕ ಪಾಲಿರಬೇಕು ಎಂದು ಅದರಲ್ಲಿ ಬರೆದಿದ್ದರು. ಆ ವಾಕ್ಯದ ಮೊದಲರ್ಧ ದೇವರ ವಿಚಾರ, ಎರಡನೆಯರ್ಧ ರಾಜ್ಯದ ವಿಚಾರ. ನಡುವೆ ‘ಹೀಗಿರುವಾಗ’ ಎಂಬ ಒಂದೇ ಕೊಂಡಿ. ನಾನು ಮೊದಲಿಗೆ ಹೇಳಿದ ಮಾತಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. 1649ರ ಏಪ್ರಿಲ್ ಒಂದರಂದು ಲಂಡನ್ನಿನ ನೈಋತ್ಯಕ್ಕಿರುವ ಸರ್ರೆ ಸೀಮೆಯ ಸೇಂಟ್ ಜಾರ್ಜ್ ಬೆಟ್ಟದ ಬೀಳು ನೆಲದಲ್ಲಿ ಕೆಲವೇ ಮಂದಿ ಗುದ್ದಲಿ ಹಿಡಿದು ಅಗೆಯತೊಡಗಿದರು. ಪಾರ್ಸ್ನಿಪ್ ಗೆಡ್ಡೆ, ಕ್ಯಾರೆಟ್, ಬೀನ್ಸ್ ಬಿತ್ತಿದರು. ದಿನಗಳೆದಂತೆ ಇಪ್ಪತ್ತು ಮೂವತ್ತು ಜನ ಸೇರಿದರು. ಸಾಲಾಗಿ ಬೆಳೆ ಕೆಟ್ಟು ದವಸದ ಬೆಲೆ ಏರಿದ್ದ ವರ್ಷಗಳು ಅವು. ಇವರನ್ನು ಜನ ಡಿಗ್ಗರ್‌ಗಳು, ಅಂದರೆ ಅಗೆಯುವವರು, ಎಂದು ಕರೆದರು. ಮುಂದಾಳು ಜೆರ್ರಾರ್ಡ್ ವಿನ್‌ಸ್ಟನ್ಲಿ. 1609ರಲ್ಲಿ ವಿಗನ್ನಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಮಾಡಿ, ಯುದ್ಧಕಾಲದಲ್ಲಿ ದಿವಾಳಿಯಾಗಿ, ಹಳ್ಳಿಗೆ ಬಂದು ಇತರರ ದನ ಕಾಯುತ್ತಿದ್ದವನು. ಒಟ್ಟಾಗಿ ದುಡಿಯಿರಿ, ಒಟ್ಟಾಗಿ ಉಣ್ಣಿರಿ ಎಂಬ ಮಾತು ತನಗೆ ಸಮಾಧಿಸ್ಥಿತಿಯಲ್ಲಿ ಕೇಳಿಸಿತೆಂದು ಅವನು ಬರೆದಿದ್ದಾನೆ.

ಅವನ ವಾದದ ಒಂದು ಕಾಲು ಧರ್ಮಗ್ರಂಥದಲ್ಲಿ, ಇನ್ನೊಂದು ಇತಿಹಾಸದಲ್ಲಿ. ದೇವರು ಭೂಮಿಯನ್ನು ಎಲ್ಲರ ಭಂಡಾರವಾಗಿ ಸೃಷ್ಟಿಸಿದ, ಒಬ್ಬ ಮನುಷ್ಯ ಇನ್ನೊಬ್ಬನ ಮೇಲೆ ಆಳಬೇಕೆಂದು ಆದಿಯಲ್ಲಿ ಹೇಳಲೇ ಇಲ್ಲ. ಇದು ಮೊದಲನೆಯದು. ಎರಡನೆಯದು: 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದು ತನ್ನ ಸರದಾರರಿಗೆ ಭೂಮಿ ಹಂಚಿದ, ಇಂದಿನ ಜಮೀನ್ದಾರರ ಹಕ್ಕಿಗೆ ಆ ಖಡ್ಗವೇ ಮೂಲ. ಈಗ ಆ ವಿಜಯಿಯ ವಾರಸುದಾರನಾದ ದೊರೆಯನ್ನೇ ತೆಗೆದುಹಾಕಿದ್ದೀರಿ. ಬೇರು ಕಡಿದ ಮೇಲೆ ಕೊಂಬೆ ಹೇಗೆ ಉಳಿಯುತ್ತದೆ? ಆ ಯುದ್ಧಕ್ಕೆ ತೆರಿಗೆ ಕೊಟ್ಟು, ಸಿಪಾಯಿಗಳಿಗೆ ಬಿಟ್ಟಿ ಊಟ ವಸತಿ ಕೊಟ್ಟು, ರಕ್ತ ಸುರಿಸಿದ ಬಡವನಿಗೆ ಬೀಳು ನೆಲವಾದರೂ ಸಲ್ಲಬೇಡವೇ? ದೇವರು ಎಂಬುದಕ್ಕೆ ಬದಲಾಗಿ ವಿವೇಕ ಎಂಬ ಹೆಸರನ್ನು ಬಳಸಲು ತನಗೆ ಹೆಚ್ಚು ಇಷ್ಟವೆಂದೂ, ಕ್ರಿಸ್ತನ ಪುನರುತ್ಥಾನವೆಂದರೆ ಗಂಡಸರು ಹೆಂಗಸರ ಒಳಗೆ ಈಗಲೇ ಅದು ಏಳುವುದೆಂದೂ ಅವನು ಬರೆದ. ಸತ್ತ ಮೇಲಿನ ಸ್ವರ್ಗವನ್ನು ತೋರಿಸಿ ಇಲ್ಲಿನ ಭೂಮಿಯನ್ನು ಕಸಿದುಕೊಳ್ಳುತ್ತಾರೆಂಬುದು ಪಾದ್ರಿಗಳ ಮೇಲೆ ಅವನ ದೂರು.

ಬೀರೂರು, ಅಜ್ಜಂಪುರದ ಕಡೆಯಿಂದ ಬಂದವರು ಈ ಸಭೆಯಲ್ಲಿದ್ದೀರಿ. ಅಮೃತ್ ಮಹಲ್ ಕಾವಲುಗಳ ಅಂಚಿನಲ್ಲಿ ಬೆಳೆದವರಿಗೆ, ಹುಲ್ಲುಗಾವಲು ಯಾರದು, ಯಾರ ದನ ಒಳಗೆ ಬಿಡಬಹುದು, ಗೋಮಾಳ ಯಾವಾಗ ಯಾರ ಹೆಸರಿಗೆ ಹೋಯಿತು ಎಂಬುದು ಊರ ಪಂಚಾಯಿತಿಯ ನಿತ್ಯದ ಮಾತು. ಬಗರ್‌ಹುಕುಂ ಅರ್ಜಿ ಹಾಕಿದವರಿಗೆ, ಸರ್ಕಾರಿ ಬೀಳನ್ನು ಹಸನು ಮಾಡಿ ಉತ್ತವನ ಸ್ಥಿತಿ ಏನೆಂದು ಗೊತ್ತು. ಡಿಗ್ಗರ್‌ಗಳು ಮಾಡಿದ್ದು ಹೊರನೋಟಕ್ಕೆ ಅದೇ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು: ತಮ್ಮ ತಮ್ಮ ಹೆಸರಿಗೆ ಪಟ್ಟೆ ಬೇಕೆಂದು ಅವರು ಕೇಳಲೇ ಇಲ್ಲ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಕೊಟ್ಟಿದ್ದರೆ ಅವರು ಬೇಡವೆನ್ನುತ್ತಿದ್ದರು. ಬೇಲಿಯೇ ತಪ್ಪು ಎಂದವರು ತಮಗೊಂದು ಬೇಲಿ ಕೇಳುವುದು ಹೇಗೆ? ಸ್ಥಳೀಯ ಜಮೀನ್ದಾರರಿಗೂ, ಆ ಬೀಳಿನಲ್ಲಿ ಮೇವು ಸೌದೆಯ ಹಕ್ಕಿದ್ದ ಸಣ್ಣ ರೈತರಿಗೂ ಇದು ಸಿಟ್ಟು ತರಿಸಿತು. ಆ ಸಣ್ಣ ರೈತರ ಸಿಟ್ಟಿಗೂ ಕಾರಣವಿತ್ತೆಂದು ನಾನು ಭಾವಿಸುತ್ತೇನೆ. ಇದ್ದ ಮೇವು ಹೋದರೆ ಅವರ ದನಗಳಿಗೆ ಬೇರೆ ದಾರಿಯಿರಲಿಲ್ಲ.

ಏಪ್ರಿಲ್ 20ರಂದು ವಿನ್‌ಸ್ಟನ್ಲಿಯನ್ನೂ ಅವನ ಸಂಗಾತಿ ವಿಲಿಯಂ ಎವರಾರ್ಡ್‌ನನ್ನೂ ಸೇನಾಪತಿ ಫೇರ್‌ಫ್ಯಾಕ್ಸ್ ಎದುರು ಕರೆತಂದರು. ಇಬ್ಬರೂ ಟೋಪಿ ತೆಗೆಯಲಿಲ್ಲ. ಏಕೆಂದು ಕೇಳಿದಾಗ, ಇವನೂ ನಮ್ಮಂತೆ ಒಂದು ಜೀವಿ ತಾನೆ ಎಂದರು. ಹೆಗಲ ಟವೆಲ್ಲನ್ನು ಕಂಕುಳಿಗೆ ಸೇರಿಸಿ, ಮೆಟ್ಟನ್ನು ಕೈಯಲ್ಲಿ ಹಿಡಿದು ದೊಡ್ಡವರ ಅಂಗಳ ದಾಟಬೇಕಾಗಿದ್ದ ಕಾಲವನ್ನು ಕಂಡ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಆ ಟೋಪಿಯ ತೂಕ ಅವರಿಗೆ ಗೊತ್ತು.

ಫೇರ್‌ಫ್ಯಾಕ್ಸ್ ಅವರನ್ನು ಹೆಚ್ಚು ಕಾಡಲಿಲ್ಲ, ಕಾಡಿದವರು ನೆರೆಯವರು. ಜೂನ್ ತಿಂಗಳಲ್ಲಿ ಹೆಂಗಸರ ಉಡುಪು ತೊಟ್ಟ ಗಂಡಸರ ಗುಂಪೊಂದು ದೊಣ್ಣೆ ಹಿಡಿದು ಬಂದು ನಾಲ್ವರು ಡಿಗ್ಗರ್‌ಗಳನ್ನು ಸಾಯಬಡಿಯಿತು. ಡಿಗ್ಗರ್‌ಗಳು ತಿರುಗಿ ಕೈಯೆತ್ತಲಿಲ್ಲ, ಎತ್ತಬಾರದೆಂಬುದು ಅವರ ನಿಯಮ. ಆಮೇಲೆ ಅತಿಕ್ರಮಣದ ದಾವೆ ಹೂಡಿದರು. ವಕೀಲರಿಗೆ ಹಣ ತೆತ್ತು ವಾದಿಸುವುದನ್ನು ಒಪ್ಪದ ಡಿಗ್ಗರ್‌ಗಳ ಮಾತನ್ನು ನ್ಯಾಯಾಲಯ ಕೇಳಲೇ ಇಲ್ಲ. ದಂಡದ ಬಾಬ್ತು ಜಪ್ತಿದಾರರು ವಿನ್‌ಸ್ಟನ್ಲಿ ಕಾಯುತ್ತಿದ್ದ ಹಸುಗಳನ್ನು ಹೊಡೆದುಕೊಂಡು ಹೋದರು. ಅವು ಅವನ ಹಸುಗಳೂ ಅಲ್ಲ, ಬೇರೆಯವರವು. ದೊಣ್ಣೆಯೇಟಿಗೆ ಅವುಗಳ ತಲೆ, ಪಕ್ಕೆ ಬಾತುಕೊಂಡವೆಂದೂ, ಕಂಡವರ ಕರುಳು ಚುರುಕ್ ಎಂದಿತೆಂದೂ ಬರೆದು, ಆ ಹಸುಗಳು ಜಾರ್ಜ್ ಬೆಟ್ಟಕ್ಕೆ ಎಂದೂ ಹೋದವಲ್ಲ, ಅಲ್ಲಿ ನೆಲ ಅಗೆದವೂ ಅಲ್ಲ ಎಂದು ಅವನು ಸೇರಿಸುತ್ತಾನೆ. ರಾಜಕೀಯ ಬರಹದ ನಡುವೆ ದನಗಾಹಿಯೊಬ್ಬ ಮಾತ್ರ ಬರೆಯಬಲ್ಲ ಈ ಸಾಲನ್ನು ನಾನು ಎಷ್ಟು ಸಲ ಓದಿದರೂ ಮನಸ್ಸು ಕಲಕುತ್ತದೆ.

ಡಿಗ್ಗರ್‌ಗಳು ಬೆಟ್ಟ ಬಿಟ್ಟು ಪಕ್ಕದ ಕೋಭಮ್‌ನ ಬೀಳಿಗೆ ಬಂದರು. 1650ರ ಏಪ್ರಿಲ್‌ನಲ್ಲಿ ಜಾನ್ ಪ್ಲಾಟ್ ಎಂಬುವನು ಆಳುಗಳೊಡನೆ ಬಂದು ಗುಡಿಸಲುಗಳಿಗೆ ಬೆಂಕಿಯಿಟ್ಟು ಅವರನ್ನು ಓಡಿಸಿದ. ಪ್ಲಾಟ್ ಪಾದ್ರಿಯೂ ಹೌದು, ಆ ಜಮೀನಿನ ಒಡೆಯನೂ ಹೌದು. ವೆಲ್ಲಿಂಗ್‌ಬರೋ, ಐವರ್ ಮೊದಲಾದೆಡೆ ಶುರುವಾಗಿದ್ದ ಇಂಥದೇ ಪ್ರಯತ್ನಗಳೂ ನಿಂತುಹೋದವು. ವಿನ್‌ಸ್ಟನ್ಲಿ 1652ರಲ್ಲಿ ಕ್ರಾಮ್‌ವೆಲ್ಲನಿಗೆ ಅರ್ಪಿಸಿ ಒಂದು ಸ್ವತಂತ್ರ ಗಣರಾಜ್ಯದ ನಕ್ಷೆ ಬರೆದ. ಅಧಿಕಾರಿಗಳಿಗೆ ವರ್ಷಕ್ಕೊಮ್ಮೆ ಚುನಾವಣೆ, ಕೊಳ್ಳುವುದು ಮಾರುವುದು ಇಲ್ಲ, ವಾರದ ಬಿಡುವಿನ ದಿನ ಊರವರು ಸೇರಿ ದೇಶದ ಸುದ್ದಿ, ಕಾನೂನು, ನಿಸರ್ಗದ ವಿದ್ಯೆಗಳನ್ನು ಕೇಳಬೇಕು, ಗಂಡು ಹೆಣ್ಣು ತಾವು ಮೆಚ್ಚಿದವರನ್ನು ಮದುವೆಯಾಗಬಹುದು. ಅದೇ ನಕ್ಷೆಯಲ್ಲಿ ಭೂಮಿ ಮಾರಿದವನಿಗೂ, ಬೋಧನೆಯನ್ನು ಹೊಟ್ಟೆಪಾಡಿನ ಕಸುಬು ಮಾಡಿಕೊಂಡವನಿಗೂ ಮರಣದಂಡನೆ ಇದೆ. ಕೈಯೆತ್ತಬಾರದೆಂದು ಹೊಡೆತ ತಿಂದವನು ಮೂರು ವರ್ಷಗಳಲ್ಲಿ ಇಲ್ಲಿಗೆ ಬಂದದ್ದು ನನಗೆ ದುಃಖದ ಸಂಗತಿ, ಅದನ್ನು ಮುಚ್ಚಿಟ್ಟು ಅವನನ್ನು ಹೊಗಳಲಾರೆ.

ಅದೇ ಕಾಲದಲ್ಲಿ ರ್ಯಾಂಟರ್‌ಗಳು, ಅಂದರೆ ಅಬ್ಬರಿಸುವವರು, ಎಂದು ಕರೆಸಿಕೊಂಡವರ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅವರು ಒಂದು ಪಂಥವಾಗಿ ಇದ್ದರೋ ಅಥವಾ ಬೆದರಿದ ಲೇಖಕರ ಕಲ್ಪನೆಯಲ್ಲಿ ಮಾತ್ರ ಹಾಗಿದ್ದರೋ ಎಂಬ ವಾದ ಇತಿಹಾಸಕಾರರಲ್ಲಿ ಇದೆ. ಎಲ್ಲ ವಸ್ತುವಿನಲ್ಲೂ ದೇವರಿದ್ದಾನೆ, ಶುದ್ಧ ಮನಸ್ಸಿನವನಿಗೆ ಪಾಪವೆಂಬುದಿಲ್ಲ ಎಂದ ಅಬೀಜರ್ ಕೋಪ್ ಮಾತ್ರ ನಿಜವಾಗಿ ಇದ್ದವನು. ಬಯಲಿನಲ್ಲಿ ಕಂಡ ಒಬ್ಬ ಭಿಕ್ಷುಕನಿಗೆ ತನ್ನಲ್ಲಿದ್ದ ಹಣವನ್ನೆಲ್ಲ ಕೊಟ್ಟು, ಟೋಪಿ ತೆಗೆದು ಏಳು ಸಲ ಬಾಗಿದೆನೆಂದು ಅವನು ಬರೆಯುತ್ತಾನೆ. ವಿನ್‌ಸ್ಟನ್ಲಿ ಸೇನಾಪತಿಗೆ ತೆಗೆಯದ ಟೋಪಿಯನ್ನು ಕೋಪ್ ಭಿಕ್ಷುಕನಿಗೆ ತೆಗೆದ. ಎರಡೂ ಒಂದೇ ವಿಚಾರದ ಎರಡು ಮುಖಗಳು. ಕೋಪನ ಬರಹವನ್ನು ಸುಡಲು 1650ರ ಫೆಬ್ರವರಿಯಲ್ಲಿ ಪಾರ್ಲಿಮೆಂಟು ಆಜ್ಞಾಪಿಸಿತು, ಆಗಸ್ಟಿನಲ್ಲಿ ದೇವನಿಂದೆಯ ಕಾನೂನು ಬಂತು.

ಹೆಚ್ಚು ಬಾಳಿಕೆ ಬಂದವರು ಕ್ವೇಕರ್‌ಗಳು. ನೇಕಾರನ ಮಗ, ಚಮ್ಮಾರಿಕೆ ಕಲಿತ ಜಾರ್ಜ್ ಫಾಕ್ಸ್ 1652ರಲ್ಲಿ ಉತ್ತರ ಸೀಮೆಯ ಬೆಟ್ಟಗುಡ್ಡಗಳಲ್ಲಿ ಬೋಧಿಸುತ್ತಾ ಹೋದಂತೆ ಸಣ್ಣ ರೈತರು, ನೇಕಾರರು, ಸೈನ್ಯದಿಂದ ನಿರಾಶರಾಗಿ ಬಂದವರು ಅವನ ಜೊತೆಯಾದರು. ಪ್ರತಿಯೊಬ್ಬರೊಳಗೂ ದೇವರ ಬೆಳಕಿದೆಯೆಂದ ಮೇಲೆ ಪಾದ್ರಿ ಬೇಡ, ದಶಮಾಂಶ ಬೇಡ, ನ್ಯಾಯಾಧೀಶನ ಮುಂದೆಯೂ ಟೋಪಿ ತೆಗೆಯುವುದು ಬೇಡ, ಎಷ್ಟೇ ದೊಡ್ಡವನಿಗೂ ಬಹುವಚನ ಬೇಡ. ಯಾರ್ಕ್‌ಷೈರಿನಲ್ಲಿ ಮನೆಗೆಲಸಕ್ಕಿದ್ದ ಮೇರಿ ಫಿಷರ್ 1658ರಲ್ಲಿ ತುರ್ಕಿಯ ಸುಲ್ತಾನನ ಎದುರೇ ನಿಂತು ತನ್ನ ಮಾತು ಹೇಳಿ ಬಂದಳು. ಸುಲ್ತಾನ ಮರ್ಯಾದೆಯಿಂದ ಕೇಳಿಸಿಕೊಂಡ. ಸ್ವದೇಶದಲ್ಲಿ ಅಷ್ಟು ಮರ್ಯಾದೆಯಿರಲಿಲ್ಲ. ಹಿಂದೆ 1656ರಲ್ಲಿ ಜೇಮ್ಸ್ ನೇಯ್ಲರ್ ಎಂಬ ಕ್ವೇಕರ್, ಏಸು ಜೆರುಸಲೇಮಿಗೆ ಬಂದಂತೆ, ಕುದುರೆಯೇರಿ ಬ್ರಿಸ್ಟಲ್ ಪ್ರವೇಶಿಸಿದಾಗ ಪಾರ್ಲಿಮೆಂಟು ದಿನಗಟ್ಟಲೆ ಚರ್ಚಿಸಿ, 96ಕ್ಕೆ 82 ಮತಗಳಿಂದ ಮರಣದಂಡನೆಯನ್ನು ಕೈಬಿಟ್ಟು, ಚಾಟಿಯೇಟು, ಹಣೆಗೆ ಬರೆ, ಕಾದ ಕಬ್ಬಿಣದಿಂದ ನಾಲಿಗೆಗೆ ತೂತು ಇವುಗಳನ್ನು ವಿಧಿಸಿತು.

ನಾಲಿಗೆಯನ್ನೇ ಶಿಕ್ಷಿಸಿದವರು ದಶಮಾಂಶವನ್ನು ಮಾತ್ರ ಮುಟ್ಟಲಿಲ್ಲ. 1653ರ ಡಿಸೆಂಬರಿನಲ್ಲಿ, ಧರ್ಮಿಷ್ಠರನ್ನೇ ಆರಿಸಿ ಕೂರಿಸಿದ್ದ ಬೇರ್‌ಬೋನ್ ಪಾರ್ಲಿಮೆಂಟಿನಲ್ಲಿ ಪಾದ್ರಿಗಳ ದಶಮಾಂಶವನ್ನು ಉಳಿಸುವ ವರದಿ ಮತಕ್ಕೆ ಬಿದ್ದು ಸೋತಿತು. ಎರಡೇ ದಿನಗಳಲ್ಲಿ, ಡಿಸೆಂಬರ್ 12ರ ಬೆಳಗ್ಗೆ, ಆಸ್ತಿವಂತ ಸದಸ್ಯರು ಬೇಗನೆ ಬಂದು ಸೇರಿ ಅಧಿಕಾರವನ್ನು ಕ್ರಾಮ್‌ವೆಲ್ಲನಿಗೆ ಒಪ್ಪಿಸಿ ಪಾರ್ಲಿಮೆಂಟನ್ನೇ ಮುಗಿಸಿಬಿಟ್ಟರು. ಡಿಸೆಂಬರ್ 16ರಂದು ಅವನು ರಾಜ್ಯರಕ್ಷಕನಾದ. ಆ ನಾಲ್ಕು ದಿನಗಳಲ್ಲಿ ಕ್ರಾಂತಿ ಯಾವ ಗಡಿಯನ್ನು ದಾಟಲಾರದು ಎಂಬುದು ಸ್ಪಷ್ಟವಾಯಿತು.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು, ಇವರೆಲ್ಲ ಸೋತವರಲ್ಲವೇ, ಸೋತವರ ವಿಚಾರಕ್ಕೆ ಇಷ್ಟು ಹೊತ್ತು ಏಕೆ ಎಂದು ಕೇಳಿದರು. ಸೋತರು ಎಂಬುದು ನಿಜ. 1660ರಲ್ಲಿ ದೊರೆ ಬಂದ, ಬಿಷಪ್‌ಗಳು ಬಂದರು, ಮುದ್ರಣಕ್ಕೆ ಮತ್ತೆ ಪರವಾನಗಿ ಬಂತು. ಪಾತ್ರೆಗೆ ಬೆಸುಗೆ ಹಾಕುವ ಕಸುಬಿನ ಜಾನ್ ಬನ್ಯನ್, ಅನುಮತಿಯಿಲ್ಲದೆ ಬೋಧಿಸಿದ್ದಕ್ಕೆ ಹನ್ನೆರಡು ವರ್ಷ ಸೆರೆಯಲ್ಲಿದ್ದ. 1661ರಲ್ಲಿ ಕ್ವೇಕರ್‌ಗಳು ತಾವು ಎಂದೂ ಆಯುಧ ಹಿಡಿಯುವುದಿಲ್ಲವೆಂದು ಘೋಷಿಸಿ, ರಾಜ್ಯವನ್ನು ಮಗುಚುವ ಆಸೆಯನ್ನು ಬಿಟ್ಟರು. ವಿನ್‌ಸ್ಟನ್ಲಿ 1676ರಲ್ಲಿ ತೀರಿಕೊಂಡ.

ಕ್ವೇಕರ್‌ಗಳು ಬಿಡದೆ ಉಳಿಸಿಕೊಂಡದ್ದು ದಶಮಾಂಶದ ನಿರಾಕರಣೆಯನ್ನು. ಕೊಡುವುದಿಲ್ಲ ಎಂದರು, ಜಪ್ತಿದಾರರು ಬಂದರು, ಹಸು, ದವಸ, ತಾಮ್ರದ ಪಾತ್ರೆ, ಹಾಸಿಗೆ ಒಯ್ದರು, ಎಷ್ಟೋ ಸಲ ಬಾಕಿಗಿಂತ ಹೆಚ್ಚು ಬೆಲೆಯದನ್ನೇ ಒಯ್ದರು. ಮುಂದಿನ ವರ್ಷ ಮತ್ತೆ ಕೊಡುವುದಿಲ್ಲ ಎಂದರು. 1836ರಲ್ಲಿ ದಶಮಾಂಶ ಹಣದ ರೂಪಕ್ಕೆ ಬದಲಾಗಿ, 1936ರ ಕಾಯ್ದೆಯಿಂದ ಕೊನೆಗಾಣುವ ದಾರಿ ಹಿಡಿಯಿತು. ಈ ನಡುವೆ ಕ್ವೇಕರ್‌ಗಳು ಒಂದು ಕೆಲಸವನ್ನು ತಪ್ಪದೆ ಮಾಡಿದರು: ಯಾವ ಊರಿನ ಯಾರಿಂದ, ಯಾವ ವರ್ಷ, ಎಷ್ಟು ಬಾಕಿಗೆ, ಏನನ್ನು ಒಯ್ದರು, ಅದರ ಬೆಲೆಯೆಷ್ಟು ಎಂಬುದನ್ನು ಊರೂರಿನಲ್ಲಿ ಬರೆದು ಲಂಡನ್ನಿಗೆ ಕಳಿಸಿದರು. ಅಲ್ಲಿ ಅದನ್ನೆಲ್ಲ ‘ಸಂಕಷ್ಟಗಳ ಪುಸ್ತಕ’ವೆಂಬ ದಪ್ಪ ದಪ್ಪ ಸಂಪುಟಗಳಿಗೆ ನಕಲು ಮಾಡಿದರು. ಎಡ್ವರ್ಡ್ಸ್ ಬರೆದ ಪಟ್ಟಿಯಲ್ಲಿ ಇವರ ಪೂರ್ವಿಕರು ಪಾಷಂಡಗಳಾಗಿದ್ದರು. ಈ ಪಟ್ಟಿಯನ್ನು ಅವರೇ ಬರೆದರು, ಅದರಲ್ಲಿ ವಿಧವೆಯೊಬ್ಬಳ ಒಂದು ಪಾತ್ರೆಗೂ ಒಂದು ಸಾಲಿನ ಜಾಗವಿದೆ.